ಬಚ್ಚಿಟ್ಟ ಮಕ್ಕಳು ಹೊರಗೆ ಬಂದದ್ದು ಯಾವಾಗ?

ಆಮ್‌ಸ್ಟರ್‌ಡ್ಯಾಮ್ ನಗರದಲ್ಲಿ ಪ್ಲಾಂಟಾಶ್ ಮಿಡನ್‌ಲಾನ್ ಎಂಬ ಬೀದಿ ಇದೆ. ನಡುವೆ ಟ್ರಾಮ್ ಓಡುತ್ತದೆ. 1942ರಲ್ಲಿ ಆ ಬೀದಿಯ ಒಂದು ಬದಿಯಲ್ಲಿ ದೊಡ್ಡ ರಂಗಮಂದಿರ ಇತ್ತು, ಎದುರಿಗೆ ಒಂದು ಶಿಶುವಿಹಾರ. ನೆದರ್ಲೆಂಡ್ಸ್ ದೇಶವನ್ನು ಹಿಡಿದಿದ್ದ ನಾಜಿಗಳು ಆ ರಂಗಮಂದಿರವನ್ನು ಯಹೂದಿಗಳನ್ನು ಕೂಡಿಹಾಕುವ ಜಾಗ ಮಾಡಿಕೊಂಡರು. ಹಿಡಿದು ತಂದವರನ್ನು ಅಲ್ಲಿ ಕೆಲವು ದಿನ ಇಟ್ಟು, ಆಮೇಲೆ ವೆಸ್ಟರ್‌ಬೋರ್ಕ್ ಶಿಬಿರಕ್ಕೆ, ಅಲ್ಲಿಂದ ರೈಲಿನಲ್ಲಿ ಆಶ್‌ವಿಟ್ಜ್, ಸೊಬಿಬೋರ್ ಎಂಬ ಕೊಲೆ ಶಿಬಿರಗಳ ಕಡೆಗೆ ಸಾಗಿಸುತ್ತಿದ್ದರು. ಒಳಗೆ ಕಾಲಿಡಲು ಜಾಗ ಇರುತ್ತಿರಲಿಲ್ಲ. ಮಕ್ಕಳ ಅಳು, ಗಲಾಟೆ ಜಾಸ್ತಿ ಆಯಿತೆಂದು ಆ ವರ್ಷದ ಅಕ್ಟೋಬರಿನಿಂದ ಚಿಕ್ಕವರನ್ನು ಎದುರಿನ ಶಿಶುವಿಹಾರದಲ್ಲಿ ಇಡತೊಡಗಿದರು. ಅಪ್ಪ ಅಮ್ಮ ಬೀದಿಯ ಆ ಕಡೆ, ಮಕ್ಕಳು ಈ ಕಡೆ.

ರಂಗಮಂದಿರದ ಬಾಗಿಲಲ್ಲಿ ಕಾವಲಿನವರು ನಿಂತಿರುತ್ತಿದ್ದರು. ಅಲ್ಲಿಂದ ಶಿಶುವಿಹಾರದ ಬಾಗಿಲು ನೇರವಾಗಿ ಕಾಣುತ್ತಿತ್ತು. ಟ್ರಾಮ್ ಅಡ್ಡ ಬಂದಾಗ ಮಾತ್ರ ಕೆಲವು ಕ್ಷಣ ಕಾಣುತ್ತಿರಲಿಲ್ಲ. ಅಷ್ಟರಲ್ಲೇ ಯಾರಾದರೂ ಒಂದು ಮಗುವನ್ನು ಎತ್ತಿಕೊಂಡು ಹೊರಗೆ ಬಂದು, ಟ್ರಾಮಿನ ಮರೆಯಲ್ಲೇ ನಡೆದು ಹೋಗಿಬಿಡಬೇಕಿತ್ತು. ಎಳೆ ಕೂಸುಗಳು ಬಟ್ಟೆಬುಟ್ಟಿಯಲ್ಲಿ, ಬೆನ್ನಚೀಲದಲ್ಲಿ, ಆಲೂಗಡ್ಡೆ ಚೀಲದಲ್ಲಿ ಹೊರಗೆ ಹೋದವು. ಶಿಶುವಿಹಾರದ ಪಕ್ಕದಲ್ಲಿ ಶಿಕ್ಷಕರ ತರಬೇತಿ ಶಾಲೆ ಇತ್ತು. ಎರಡಕ್ಕೂ ಹಿತ್ತಲು ಅಂಟಿಕೊಂಡಿತ್ತು. ಬೇಲಿಯ ಮೇಲಿನಿಂದ ಮಕ್ಕಳನ್ನು ಆ ಕಡೆ ದಾಟಿಸುತ್ತಿದ್ದರು. ಹೀಗೆ ಸುಮಾರು 600 ಮಕ್ಕಳು ಉಳಿದರು.

ಈ ಕಥೆಯನ್ನು ಹೇಳುವವರು ಹೆಚ್ಚಾಗಿ ಇಲ್ಲಿಗೆ ನಿಲ್ಲಿಸುತ್ತಾರೆ. ಮಗು ಬದುಕಿತು, ಸಾಕು. ನಾನೂ ಬಹಳ ಕಾಲ ಹಾಗೇ ಅಂದುಕೊಂಡಿದ್ದೆ. ಓದುತ್ತಾ ಹೋದಂತೆ ಗೊತ್ತಾಯಿತು: ಟ್ರಾಮಿನ ಮರೆಯಲ್ಲಿ ದಾಟಿದ ಆ ಮಗುವಿನ ಕಷ್ಟ ಅಲ್ಲಿ ಶುರುವಾಯಿತು, ಮತ್ತು ಹಲವರ ಪಾಲಿಗೆ ಯುದ್ಧ ಮುಗಿದ ಮೇಲೆ ಅದು ಇನ್ನೂ ಗಟ್ಟಿಯಾಯಿತು. ಅದು ಹೇಗೆ ಎಂದು ಬಿಡಿಸಿ ಹೇಳುವುದು ಈ ಬರಹದ ಕೆಲಸ.

ಮೊದಲು, ಬಚ್ಚಿಡಬೇಕಾದ ಪರಿಸ್ಥಿತಿ ಹೇಗೆ ಬಂತು ನೋಡೋಣ. 1940ರ ಮೇ 10ರಂದು ಜರ್ಮನಿ ನೆದರ್ಲೆಂಡ್ಸ್ ಮೇಲೆ ದಾಳಿ ಮಾಡಿತು. ಐದೇ ದಿನದಲ್ಲಿ ದೇಶ ಕೈಬಿಟ್ಟುಹೋಯಿತು. ಆಗ ಅಲ್ಲಿ ಸುಮಾರು 1 ಲಕ್ಷ 40 ಸಾವಿರ ಯಹೂದಿಗಳಿದ್ದರು. ಕೊಲೆ ಮೊದಲ ದಿನವೇ ಶುರುವಾಗಲಿಲ್ಲ. ಮೊದಲು ಕಾಗದ ಬಂತು. 1941ರ ಆರಂಭದಲ್ಲಿ ಎಲ್ಲ ಯಹೂದಿಗಳೂ ಹೆಸರು ಬರೆಸಬೇಕು ಎಂಬ ಆಜ್ಞೆ. ಆಮೇಲೆ ಗುರುತಿನ ಚೀಟಿಯ ಮೇಲೆ ದೊಡ್ಡ 'ಜೆ' ಅಕ್ಷರದ ಮುದ್ರೆ. ಆ ಬೇಸಿಗೆ ರಜೆ ಮುಗಿಯುವ ಹೊತ್ತಿಗೆ ಯಹೂದಿ ಮಕ್ಕಳನ್ನು ಉಳಿದವರ ಜೊತೆ ಕೂರದಂತೆ ಬೇರೆ ಶಾಲೆಗೆ ಹಾಕಿದರು. 1942ರ ಮೇ ತಿಂಗಳಿಂದ ಆರು ವರ್ಷ ತುಂಬಿದ ಪ್ರತಿಯೊಬ್ಬರೂ ಎದೆಯ ಮೇಲೆ ಹಳದಿ ನಕ್ಷತ್ರ ಹೊಲಿದುಕೊಳ್ಳಬೇಕಾಯಿತು. ಜುಲೈ 15ರಂದು ವೆಸ್ಟರ್‌ಬೋರ್ಕಿನಿಂದ ಮೊದಲ ರೈಲು ಹೊರಟಿತು.

ಆ ದೇಶದ ಜನಗಣತಿ ದಾಖಲೆ ಬಹಳ ಅಚ್ಚುಕಟ್ಟಾಗಿತ್ತು. ಯಾರ ಮನೆ ಎಲ್ಲಿ, ಯಾರ ಧರ್ಮ ಯಾವುದು, ಎಲ್ಲವೂ ಕಚೇರಿಯ ಕಾರ್ಡುಗಳಲ್ಲಿ ಇತ್ತು. ಗುರುತಿನ ಚೀಟಿಯ ನಕಲು ಮಾಡುವುದೂ ತುಂಬಾ ಕಷ್ಟ. ಅಡಗಲು ಬೆಟ್ಟ ಇಲ್ಲ, ದಟ್ಟ ಕಾಡು ಇಲ್ಲ, ಅಂಗೈಯಂತೆ ಚಪ್ಪಟೆ ನೆಲ. ಇಂಥ ಹಲವು ಕಾರಣ ಸೇರಿ ಅಲ್ಲಿನ ಯಹೂದಿಗಳಲ್ಲಿ ಸುಮಾರು 1 ಲಕ್ಷ 2 ಸಾವಿರ ಜನ ಸತ್ತರು. ನಾಲ್ವರಲ್ಲಿ ಮೂವರು ಅಂದಂತೆ. ಪಶ್ಚಿಮ ಯುರೋಪಿನಲ್ಲಿ ಇಷ್ಟು ದೊಡ್ಡ ಪಾಲು ಇನ್ನೆಲ್ಲೂ ಸಾಯಲಿಲ್ಲ. 1943ರ ಮಾರ್ಚ್ 27ರಂದು ಪ್ರತಿರೋಧ ಗುಂಪಿನವರು ಪೊಲೀಸ್ ವೇಷ ಹಾಕಿ ಆಮ್‌ಸ್ಟರ್‌ಡ್ಯಾಮಿನ ದಾಖಲೆ ಕಚೇರಿಗೆ ನುಗ್ಗಿ ಬೆಂಕಿ ಹಚ್ಚಿದರು. ಆರಿಸಲು ಬಂದ ಅಗ್ನಿಶಾಮಕದವರು ಬೇಕೆಂದೇ ಜಾಸ್ತಿ ನೀರು ಹಾಯಿಸಿ ಉಳಿದ ಕಾರ್ಡುಗಳನ್ನೂ ತೋಯಿಸಿದರು. ಆದರೂ ಹಾಳಾದದ್ದು ಸ್ವಲ್ಪ ಭಾಗ ಮಾತ್ರ.

ಅಡಗುವುದಕ್ಕೆ ಡಚ್ಚರು 'ಒಂಡರ್‌ಡೌಕನ್' ಎಂಬ ಮಾತು ಬಳಸುತ್ತಿದ್ದರು. ನೀರಿನೊಳಗೆ ಮುಳುಗುವುದು ಎಂದು ಅದರ ಅರ್ಥ. ನಮ್ಮಲ್ಲಿ ಈ ವಿಷಯ ಬಂದ ತಕ್ಷಣ ಎಲ್ಲರಿಗೂ ನೆನಪಾಗುವ ಹೆಸರು ಆನ್ ಫ್ರಾಂಕ್. ಆದರೆ ಅವಳದ್ದು ಅಪರೂಪದ ಪ್ರಸಂಗ. ಇಡೀ ಕುಟುಂಬ ಒಟ್ಟಿಗೆ, ಒಂದೇ ಜಾಗದಲ್ಲಿ, ಎರಡು ವರ್ಷ ಇತ್ತು. ಅಷ್ಟು ಜನರನ್ನು ಒಟ್ಟಿಗೆ ಇಟ್ಟುಕೊಳ್ಳುವ ಮನೆ ಹೆಚ್ಚಿನವರಿಗೆ ಸಿಗುತ್ತಿರಲಿಲ್ಲ. ಮಕ್ಕಳನ್ನು ಒಂದು ಕಡೆ, ಅಪ್ಪ ಅಮ್ಮನನ್ನು ಇನ್ನೊಂದು ಕಡೆ ಇಡುತ್ತಿದ್ದರು. ಅಣ್ಣ ತಂಗಿಯರನ್ನೂ ಬಿಡಿಸುತ್ತಿದ್ದರು. ಮಗು ಎಲ್ಲಿದೆ ಎಂದು ತಾಯಿಗೆ ಹೇಳುತ್ತಿರಲಿಲ್ಲ. ಹಿಡಿದು ಹಿಂಸೆ ಕೊಟ್ಟರೆ ಅವಳು ಬಾಯಿಬಿಡಬಹುದು ಎಂಬ ಭಯ. ಹೆತ್ತವಳಿಗೇ ಮಗುವಿನ ವಿಳಾಸ ಗೊತ್ತಿರಬಾರದು ಎಂಬುದು ಇಡೀ ವ್ಯವಸ್ಥೆಯ ಬುನಾದಿ.

ಶಿಶುವಿಹಾರದ ಮೇಲ್ವಿಚಾರಕಿ ಹೆನ್ರಿಯೆಟ್ಟ ಪಿಮೆಂಟೆಲ್ ಮತ್ತು ಅವರ ಕೈಕೆಳಗೆ ಕೆಲಸ ಮಾಡುತ್ತಿದ್ದ ಹುಡುಗಿಯರು ಬೀದಿ ದಾಟಿ ರಂಗಮಂದಿರಕ್ಕೆ ಹೋಗಿ ತಂದೆ ತಾಯಿಯನ್ನು ಕೇಳುತ್ತಿದ್ದರು: ನಿಮ್ಮ ಮಗುವನ್ನು ನಮಗೆ ಕೊಡುತ್ತೀರಾ? ನಾಳೆಯೋ ನಾಡಿದ್ದೋ ರೈಲು. ಎಲ್ಲಿಗೆ ಎಂದು ಸರಿಯಾಗಿ ಗೊತ್ತಿಲ್ಲ, ದುಡಿಸಿಕೊಳ್ಳಲು ಎಂದು ಹೇಳಿದ್ದಾರೆ. ಯಾರೋ ಗುರುತಿಲ್ಲದವರ ಕೈಗೆ ಕೂಸನ್ನು ಕೊಡಬೇಕೋ, ಜೊತೆಗೇ ಕರೆದುಕೊಂಡು ಹೋಗಬೇಕೋ? ಎಷ್ಟೋ ಜನ ಕೊಡಲಿಲ್ಲ. ಅವರನ್ನು ದೂರುವ ಹಕ್ಕು ನಮಗೆ ಯಾರಿಗೂ ಇಲ್ಲ.

ಕೊಟ್ಟರೆ ಮುಂದಿನ ಕೆಲಸ ಕಾಗದದ್ದು. ಹೆಸರು ಪಟ್ಟಿಯಲ್ಲಿದ್ದು ಮಗು ಇಲ್ಲದಿದ್ದರೆ ಸಿಕ್ಕಿಬೀಳುತ್ತಾರೆ. ರಂಗಮಂದಿರದ ವ್ಯವಸ್ಥೆ ನೋಡಿಕೊಳ್ಳುತ್ತಿದ್ದವರು ವಾಲ್ಟರ್ ಸ್ಯೂಸ್ಕಿಂಡ್. ಜರ್ಮನಿಯಲ್ಲಿ ಹುಟ್ಟಿದ ಯಹೂದಿ, 1938ರಲ್ಲಿ ನೆದರ್ಲೆಂಡ್ಸಿಗೆ ಬಂದವರು. ಜರ್ಮನ್ ಅಧಿಕಾರಿಗಳ ಜೊತೆ ಅವರದೇ ಭಾಷೆಯಲ್ಲಿ ಹರಟುತ್ತಾ, ಕುಡಿಸುತ್ತಾ ವಿಶ್ವಾಸ ಗಳಿಸಿದ್ದರು. ಆ ಕಡೆ ಅವರ ಸಹಾಯಕರು ಕಾರ್ಡುಗಳಿಂದ ಮಗುವಿನ ಹೆಸರನ್ನು ಅಳಿಸಿಬಿಡುತ್ತಿದ್ದರು. ಮಗು ಅಲ್ಲಿಗೆ ಬಂದೇ ಇಲ್ಲ ಎಂಬಂತೆ.

ಪಕ್ಕದ ತರಬೇತಿ ಶಾಲೆಯ ಮುಖ್ಯಸ್ಥರು ಯೋಹಾನ್ ವಾನ್ ಹುಲ್ಸ್ಟ್. 1943ರ ಸೆಪ್ಟೆಂಬರ್ 29ರಂದು ನಾಜಿಗಳು ಶಿಶುವಿಹಾರವನ್ನು ಖಾಲಿ ಮಾಡಿಸಿದರು. ಅದಕ್ಕೆ ಸ್ವಲ್ಪ ಮೊದಲು, ಇನ್ನು ಕೆಲವು ಮಕ್ಕಳನ್ನು ಮಾತ್ರ ಒಯ್ಯಬಹುದು ಎಂಬ ಹೊತ್ತು ಬಂತು. ಎಷ್ಟು ಜನರನ್ನು, ಯಾರನ್ನು ಎಂದು ಅವರೇ ಆರಿಸಬೇಕು. 12 ಮಕ್ಕಳನ್ನು ಕರೆದುಕೊಂಡು ಹೊರಟರು. ಹದಿಮೂರನೆಯದನ್ನು ಯಾಕೆ ಕರೆದುಕೊಳ್ಳಲಿಲ್ಲ ಎಂಬ ಪ್ರಶ್ನೆ ಅವರನ್ನು ಬಿಡಲೇ ಇಲ್ಲ. 2018ರಲ್ಲಿ, 107ನೆಯ ವಯಸ್ಸಿನಲ್ಲಿ ತೀರಿಕೊಂಡರು. ಪಿಮೆಂಟೆಲ್ 1943ರಲ್ಲೇ ಆಶ್‌ವಿಟ್ಜ್‌ನಲ್ಲಿ ಕೊಲೆಯಾದರು. ಸ್ಯೂಸ್ಕಿಂಡ್ ಯುದ್ಧ ಮುಗಿಯುವ ಮೊದಲೇ ಸತ್ತರು. ಅವರ ಹೆಂಡತಿ, ಪುಟ್ಟ ಮಗಳು ಆಶ್‌ವಿಟ್ಜ್‌ನಲ್ಲಿ ಹೋದರು. 600 ಮಕ್ಕಳನ್ನು ದಾಟಿಸಿದ ಮನುಷ್ಯ ತನ್ನ ಒಬ್ಬಳೇ ಮಗಳನ್ನು ಉಳಿಸಿಕೊಳ್ಳಲು ಆಗಲಿಲ್ಲ. ಇದನ್ನು ಬರೆಯುವಾಗ ಕೈ ನಿಲ್ಲುತ್ತದೆ.

ಇನ್ನು ಮಕ್ಕಳನ್ನು ಇಟ್ಟುಕೊಳ್ಳುವ ಮನೆಗಳು. ಈ ಕೆಲಸ ಮಾಡಿದವರಲ್ಲಿ ಹೆಚ್ಚಿನವರು ಇಪ್ಪತ್ತರ ಆಸುಪಾಸಿನ ವಿದ್ಯಾರ್ಥಿಗಳು. ಉಟ್ರೆಕ್ಟ್ ನಗರದಲ್ಲಿ ಒಂದು ಮಕ್ಕಳ ಸಮಿತಿ, ಆಮ್‌ಸ್ಟರ್‌ಡ್ಯಾಮಿನಲ್ಲಿ ಎರಡು ಮೂರು ಗುಂಪು. ಹುಡುಗಿಯರು ಮಗುವನ್ನು ಕರೆದುಕೊಂಡು ರೈಲಿನಲ್ಲಿ ಹೋಗುತ್ತಿದ್ದರು, ತಮ್ಮದೇ ಮಗು ಎಂಬಂತೆ. ಊಟಕ್ಕೆ ರೇಷನ್ ಚೀಟಿ ಬೇಕು. ಇಲ್ಲದ ಮಗುವಿಗೆ ರೇಷನ್ ಎಲ್ಲಿಂದ? ಚೀಟಿ ಕದಿಯಬೇಕು, ನಕಲು ಮಾಡಬೇಕು, ದುಡ್ಡು ಹೊಂದಿಸಬೇಕು. ಉಟ್ರೆಕ್ಟಿನ ಸಮಿತಿಗೆ ನೆರವಾಗಲೆಂದು, ಗುಂಡಿಗೆ ಬಲಿಯಾದ ಪ್ರತಿರೋಧಿಗಳ ಬಗ್ಗೆ ಬರೆದ ಒಂದು ಕವನವನ್ನು ಹಾಳೆಯಲ್ಲಿ ಅಚ್ಚು ಹಾಕಿ ಗುಟ್ಟಾಗಿ ಮಾರಿದರು. ಆ ಮಾರಾಟದಿಂದ ಹುಟ್ಟಿದ 'ದ ಬೇಜಿಗ ಬೈ' ಎಂಬ ಪ್ರಕಾಶನ ಈಗಲೂ ಪುಸ್ತಕ ಹೊರಡಿಸುತ್ತಿದೆ.

ಯಾಪ್ ಮುಷ್ ಮತ್ತು ಅವರ ತಮ್ಮ ಇದ್ದ ಗುಂಪು ದಕ್ಷಿಣದ ಲಿಂಬರ್ಗ್ ಕಡೆ ಸುಮಾರು 250 ಮಕ್ಕಳನ್ನು ಸೇರಿಸಿತು. ಅದು ಕಲ್ಲಿದ್ದಲು ಗಣಿಯ ಸೀಮೆ. ಮನೆ ತುಂಬ ಮಕ್ಕಳಿರುವ ಕ್ಯಾಥೊಲಿಕ್ ಕುಟುಂಬಗಳು. ಎಂಟರ ಜೊತೆ ಒಂಬತ್ತನೆಯದು ಬಂದರೆ ಯಾರೂ ಎಣಿಸುವುದಿಲ್ಲ. ನೆರೆಯವರು ಕೇಳಿದರೆ ಸಿದ್ಧ ಉತ್ತರ ಇತ್ತು: ರಾಟರ್‌ಡ್ಯಾಮಿನ ಬಾಂಬ್ ದಾಳಿಯಲ್ಲಿ ಮನೆ ಕಳೆದುಕೊಂಡ ನೆಂಟರ ಮಗು. 1944ರ ಸೆಪ್ಟೆಂಬರಿನಲ್ಲಿ ಯಾಪ್ ಮುಷ್ ಅವರನ್ನು ಹಿಡಿದು ಗುಂಡಿಟ್ಟು ಕೊಂದರು. ಅದೇ ತಿಂಗಳು ಲಿಂಬರ್ಗ್ ಸೀಮೆ ಬಿಡುಗಡೆಯಾಗತೊಡಗಿತು. ಆಮ್‌ಸ್ಟರ್‌ಡ್ಯಾಮ್ 1945ರ ಮೇವರೆಗೂ ಕಾಯಬೇಕಾಯಿತು.

ಈಗ ಮಗುವಿನ ಕಡೆಯಿಂದ ನೋಡಿ. ಅಡಗುವುದು ಅಂದರೆ ಅಟ್ಟದ ಮೇಲೆ ಕೂತಿರುವುದು ಎಂದುಕೊಳ್ಳುತ್ತೇವೆ, ಅಲ್ವಾ? ಕೆಲವರು ಹಾಗೆ ಇದ್ದರು. ಆದರೆ ಬಹಳಷ್ಟು ಮಕ್ಕಳು ಎಲ್ಲರ ಕಣ್ಣೆದುರೇ ಓಡಾಡುತ್ತಿದ್ದರು. ಶಾಲೆಗೆ, ಚರ್ಚಿಗೆ ಹೋಗುತ್ತಿದ್ದರು. ಅಡಗಿಸಬೇಕಾದದ್ದು ಮೈಯನ್ನಲ್ಲ, ತಾನು ಯಾರು ಎಂಬುದನ್ನು. ಹೊಸ ಹೆಸರು ಕಲಿಯಬೇಕು. ಯಾರಾದರೂ ಹಿಂದಿನಿಂದ ಹಳೆ ಹೆಸರು ಕೂಗಿದರೆ ತಿರುಗಬಾರದು. ಆ ಊರಿನ ಆಡುಮಾತು ಕಲಿಯಬೇಕು. ಶಿಲುಬೆಯ ಗುರುತು ಹಾಕುವುದು, ಊಟಕ್ಕೆ ಮುಂಚಿನ ಪ್ರಾರ್ಥನೆ, ಎಲ್ಲವೂ ಬಾಯಿಪಾಠ ಆಗಬೇಕು. ಕಪ್ಪು ಕೂದಲಿದ್ದರೆ ಬಣ್ಣ ಹಾಕುತ್ತಿದ್ದರು. ಹುಡುಗರಿಗೆ ಇನ್ನೊಂದು ಭಯ. ಸುನ್ನತಿ ಆಗಿರುವುದು ಯಾರಿಗೂ ಕಾಣಬಾರದು. ಊರ ಹುಡುಗರ ಜೊತೆ ಕಾಲುವೆಗೆ ಇಳಿಯುವಂತಿಲ್ಲ, ಕಾಯಿಲೆ ಬಿದ್ದರೆ ಡಾಕ್ಟರ ಹತ್ತಿರ ಹೋಗಲೂ ಯೋಚಿಸಬೇಕು.

ಐದು ವರ್ಷದ ಮಗು ಸುಳ್ಳು ಹೇಳುವುದನ್ನು ಕಲಿಯಿತು. ಒಂದೇ ಒಂದು ತಪ್ಪು ಮಾತಾಡಿದರೂ ಎಲ್ಲರೂ ಸಾಯುತ್ತಾರೆ ಎಂದು ದೊಡ್ಡವರು ಅದಕ್ಕೆ ಹೇಳಿದ್ದರು. ಅದು ನಿಜವೂ ಆಗಿತ್ತು. ಯಹೂದಿಗಳನ್ನು ಹಿಡಿದು ಕೊಟ್ಟವರಿಗೆ ತಲೆಗೆ 7.50 ಗಿಲ್ಡರ್ ಇನಾಮು ಸಿಗುತ್ತಿತ್ತು. ಇದನ್ನೇ ಕಸುಬು ಮಾಡಿಕೊಂಡ ಗುಂಪುಗಳಿದ್ದವು.

ಒಂದೇ ಮನೆಯಲ್ಲಿ ಯುದ್ಧ ಮುಗಿಯುವ ತನಕ ಉಳಿದ ಮಕ್ಕಳೂ ಇದ್ದರು. ಹಲವರು ನಾಲ್ಕೈದು ಮನೆ ಬದಲಿಸಿದರು. ಹತ್ತಕ್ಕಿಂತ ಹೆಚ್ಚು ಮನೆ ಕಂಡವರೂ ಇದ್ದಾರೆ. ಪಕ್ಕದ ಮನೆಯವರಿಗೆ ಅನುಮಾನ ಬಂತು, ತಪಾಸಣೆ ಆಯಿತು, ಸಾಕುತ್ತಿದ್ದವರು ಹೆದರಿದರು. ರಾತ್ರೋರಾತ್ರಿ ಬೇರೆ ಮನೆ, ಬೇರೆ ಹೆಸರು. ಸಾಕಿದವರಲ್ಲಿ ತಮ್ಮ ಮಕ್ಕಳಿಗಿಂತ ಹೆಚ್ಚಾಗಿ ನೋಡಿಕೊಂಡವರು ಬಹಳ. ಬಿಟ್ಟಿ ಕೆಲಸದಾಳಿನಂತೆ ದುಡಿಸಿಕೊಂಡವರೂ ಇದ್ದರು. ಹೊಡೆದವರು, ಮೈಮೇಲೆ ಕೈಹಾಕಿದವರೂ ಇದ್ದರು. ಆ ಮಕ್ಕಳು ಯಾರ ಹತ್ತಿರ ಹೇಳಬೇಕಿತ್ತು? ಹೇಳಿದರೆ ಹೋಗಲು ಬೇರೆ ಮನೆ ಇರಲಿಲ್ಲ. ಕಾಪಾಡಿದವರ ಬಗ್ಗೆ ಹೀಗೆ ಬರೆಯುವುದು ಕೆಲವರಿಗೆ ಹಿಡಿಸುವುದಿಲ್ಲ. ಆದರೆ ಆ ಮಕ್ಕಳ ಮಾತನ್ನು ಮತ್ತೊಮ್ಮೆ ಮುಚ್ಚಿಡುವುದು ನನಗೆ ಸರಿ ಕಾಣುವುದಿಲ್ಲ.

1945ರ ಮೇ ತಿಂಗಳಲ್ಲಿ ಊರಲ್ಲೆಲ್ಲ ಹಬ್ಬ. ನೆದರ್ಲೆಂಡ್ಸಿನಲ್ಲಿ ನಾಲ್ಕು ಸಾವಿರದಷ್ಟು ಮಕ್ಕಳು ಹೀಗೆ ಅಡಗಿ ಉಳಿದಿದ್ದರು. ಅವರಲ್ಲಿ ಅರ್ಧದಷ್ಟು ಮಕ್ಕಳಿಗೆ ಅಪ್ಪ ಅಮ್ಮ ವಾಪಸ್ ಬರಲಿಲ್ಲ. ಉಳಿದವರ ಮನೆ ಬಾಗಿಲಿಗೆ ಒಂದು ದಿನ ಒಬ್ಬ ಹೆಂಗಸು ಬಂದು ನಿಂತಳು. ಸೊರಗಿದ ಮೈ, ಕತ್ತರಿಸಿದ ಕೂದಲು. 'ನಾನು ನಿನ್ನ ಅಮ್ಮ' ಎಂದಳು. ಎರಡು ವರ್ಷವಿದ್ದಾಗ ಬಿಟ್ಟ ಮಗುವಿಗೆ ಈಗ ಐದು. ಅದು ಅಮ್ಮ ಅನ್ನುವುದು ಅಡುಗೆಮನೆಯಲ್ಲಿ ನಿಂತಿರುವ ಇನ್ನೊಬ್ಬಳನ್ನು. ಆ ಮಗುವಿನ ಮಟ್ಟಿಗೆ ಅಮ್ಮನಿಂದ ಬಿಡಿಸಿದ್ದು ಯುದ್ಧವಲ್ಲ, ಬಿಡುಗಡೆ. ಈ ಒಂದು ವಿಷಯ ಅರ್ಥವಾದರೆ ಮುಂದಿನದೆಲ್ಲ ಅರ್ಥವಾಗುತ್ತದೆ.

ಅನಾಥರಾದ ಮಕ್ಕಳ ವಿಷಯದಲ್ಲಿ ದೊಡ್ಡ ಜಗಳವೇ ನಡೆಯಿತು. 1945ರ ಆಗಸ್ಟಿನಲ್ಲಿ ಸರ್ಕಾರ ಯುದ್ಧಕಾಲದ ಸಾಕುಮಕ್ಕಳ ಆಯೋಗ ಮಾಡಿತು. ವಕೀಲೆಯೂ ಪ್ರತಿರೋಧದಲ್ಲಿ ದುಡಿದವರೂ ಆದ ಹೆಸಿನ ವಾನ್ ಡರ್ ಮೋಲೆನ್ ಅದರ ಮುಖ್ಯಸ್ಥೆ. ಒಂದು ತಿಂಗಳೊಳಗೆ ಬಂದು ಕೇಳದ ತಂದೆ ತಾಯಿಯ ಹಕ್ಕು ಆಯೋಗದ ಕೈಗೆ ಹೋಗುತ್ತದೆ ಎಂಬುದು ನಿಯಮ. ಪೋಲೆಂಡಿನ ಶಿಬಿರಗಳಿಂದ ಬದುಕಿ ಬಂದವರು ಯುರೋಪನ್ನೆಲ್ಲ ಸುತ್ತಿ ಊರು ಸೇರಲು ತಿಂಗಳುಗಟ್ಟಲೆ ಹಿಡಿಯುತ್ತಿದ್ದ ಕಾಲ ಅದು. ಈ ನಿಯಮ ಬರೆದವರ ಉದ್ದೇಶ ಏನೇ ಇರಲಿ, ಅದು ಕ್ರೂರವಾಗಿತ್ತು ಎಂದೇ ನಾನು ಹೇಳುತ್ತೇನೆ.

ಆಯೋಗದಲ್ಲಿ ಹಲವರ ವಾದ ಹೀಗಿತ್ತು: ಮಗು ಈ ಮನೆಯಲ್ಲಿ ಬೇರು ಬಿಟ್ಟಿದೆ, ಕೀಳಬೇಡಿ. ಬದುಕುಳಿದ ಯಹೂದಿಗಳು ಬೇರೆಯೇ ಹೇಳುತ್ತಿದ್ದರು: ಆ ತಂದೆ ತಾಯಿ ಮಗುವನ್ನು ಕೊಟ್ಟದ್ದು ಜೀವ ಉಳಿಯಲಿ ಎಂದು. ತಮ್ಮವರಿಂದ ದೂರವಾಗಲಿ ಎಂದಲ್ಲ. ನಾಲ್ವರಲ್ಲಿ ಮೂವರನ್ನು ಕಳೆದುಕೊಂಡ ನಮಗೆ ಉಳಿದಿರುವುದು ಈ ಮಕ್ಕಳೇ. ಎರಡರಲ್ಲೂ ಪ್ರೀತಿ ಇತ್ತು, ನೋವೂ ಇತ್ತು. ವರ್ಷಗಟ್ಟಲೆ ವಿಚಾರಣೆ ನಡೆಯಿತು. ಕ್ಯಾಥೊಲಿಕ್ ಸಾಕುತಾಯಂದಿರು ಕೋರ್ಟಿನ ಮಾತು ಮೀರಿ ಒಬ್ಬ ಹುಡುಗಿಯನ್ನು ದೇಶದಿಂದಾಚೆ ಒಯ್ದರು. ಅವಳು ಹೊರಗೆ ಕಾಣಿಸಿಕೊಂಡದ್ದು 1961ರಲ್ಲಿ, 21 ತುಂಬಿ ಯಾರೂ ಕೇಳದಂತಾದ ಮೇಲೆ. ಯುದ್ಧದಲ್ಲಿ ನಾಜಿಗಳಿಂದ ಅಡಗಿಸಿದ ಮಗುವನ್ನು ಆಮೇಲೆ ಅದರ ಸ್ವಂತ ಸಮುದಾಯದಿಂದಲೇ ಅಡಗಿಸಿದರು.

ಪಕ್ಕದ ಬೆಲ್ಜಿಯಂನಲ್ಲಿ ಮಕ್ಕಳ ನಿಜ ಹೆಸರು ಕಳೆದುಹೋಗದಂತೆ ಒಂದು ಉಪಾಯ ಮಾಡಿದ್ದರು. ಅಲ್ಲಿನ ಯಹೂದಿ ರಕ್ಷಣಾ ಸಮಿತಿಯವರು ನಿಜ ಹೆಸರು ಒಂದು ನೋಟ್‌ಬುಕ್ಕಿನಲ್ಲಿ, ಸುಳ್ಳು ಹೆಸರು ಇನ್ನೊಂದರಲ್ಲಿ, ವಿಳಾಸ ಮತ್ತೊಂದರಲ್ಲಿ ಬರೆದಿಡುತ್ತಿದ್ದರು. ಎಲ್ಲವನ್ನೂ ಸಂಖ್ಯೆಯ ಗುರುತಿನಿಂದ ಹೊಂದಿಸಬೇಕು. ಒಂದು ಸಿಕ್ಕಿದರೆ ಏನೂ ತಿಳಿಯುವುದಿಲ್ಲ. ಆ ಸಮಿತಿಯಲ್ಲಿ ದುಡಿದ ಬ್ರಸೆಲ್ಸಿನ ಟೀಚರ್ ಆಂದ್ರೆ ಗ್ಯೂಲೆನ್, ತಮ್ಮ ತರಗತಿಯ ಕೆಲವು ಮಕ್ಕಳು ನಕ್ಷತ್ರ ಹೊಲಿದುಕೊಂಡು ಬಂದದ್ದನ್ನು ಕಂಡು, ಎಲ್ಲ ಮಕ್ಕಳೂ ಮೇಲಂಗಿ ಹಾಕಿಕೊಂಡು ಬರಬೇಕು ಎಂದವರು. ನಕ್ಷತ್ರ ಕಾಣದಿರಲಿ ಎಂದು. ಯುದ್ಧ ಮುಗಿದ ಮೇಲೆ ಆ ನೋಟ್‌ಬುಕ್ಕುಗಳ ಬಲದಿಂದ ಮಕ್ಕಳನ್ನು ಹುಡುಕಿ ಅವರವರ ಮನೆಯವರಿಗೆ ಸೇರಿಸುವ ಕೆಲಸ ಮಾಡಿದರು.

ಮಕ್ಕಳ ಮನಸ್ಸಿಗೆ ಏನಾಯಿತು ಎಂದು ತಾಳ್ಮೆಯಿಂದ ನೋಡಿದವರು ಹಾನ್ಸ್ ಕೈಲ್ಸನ್. ಜರ್ಮನಿಯ ಯಹೂದಿ ವೈದ್ಯರು, 1936ರಲ್ಲಿ ನೆದರ್ಲೆಂಡ್ಸಿಗೆ ಓಡಿಬಂದವರು. ತಾವೇ ಸುಳ್ಳು ಹೆಸರಿನಲ್ಲಿ ಡೆಲ್ಫ್ಟ್ ಊರಲ್ಲಿ ಅಡಗಿದ್ದರು. ಆ ಹೊತ್ತಿನಲ್ಲೂ ಬೇರೆ ಬೇರೆ ಮನೆಗಳಿಗೆ ಹೋಗಿ, ಕಂಗೆಟ್ಟ ಮಕ್ಕಳನ್ನು ಮಾತಾಡಿಸುತ್ತಿದ್ದರು. ಅವರ ತಂದೆ ತಾಯಿ ಆಶ್‌ವಿಟ್ಜ್‌ನಲ್ಲಿ ಸತ್ತರು. ಯುದ್ಧದ ನಂತರ ಅನಾಥ ಮಕ್ಕಳ ಜೊತೆ ದುಡಿದು, ದಶಕಗಳ ಮೇಲೆ ಅವರಲ್ಲಿ 204 ಜನರನ್ನು ಮತ್ತೆ ಹುಡುಕಿ ಮಾತಾಡಿಸಿ 1979ರಲ್ಲಿ ತಮ್ಮ ಅಧ್ಯಯನ ಪ್ರಕಟಿಸಿದರು.

ಅವರು ಹೇಳಿದ್ದು ಇಷ್ಟು. ಆಘಾತ ಒಂದೇ ಪೆಟ್ಟಲ್ಲ, ಅದು ಮೂರು ಹಂತದಲ್ಲಿ ಬಿತ್ತು. ಮೊದಲನೆಯದು, ಆಕ್ರಮಣ ಶುರುವಾಗಿ ಮನೆಯ ದೊಡ್ಡವರ ಮುಖದಲ್ಲಿ ಭಯ ಕಂಡ ಕಾಲ. ಎರಡನೆಯದು, ಅಪ್ಪ ಅಮ್ಮನಿಂದ ಬೇರಾಗಿ ಅಡಗಿದ್ದ ಅಥವಾ ಶಿಬಿರದಲ್ಲಿದ್ದ ಕಾಲ. ಮೂರನೆಯದು, ಯುದ್ಧ ಮುಗಿದ ನಂತರದ ಕಾಲ. ಎರಡನೆಯ ಹಂತದಲ್ಲಿ ತುಂಬಾ ನರಳಿದರೂ ಮೂರನೆಯದರಲ್ಲಿ ಒಳ್ಳೆಯ ಆಸರೆ ಸಿಕ್ಕವರು ಬೆಳೆದ ಮೇಲೆ ಸ್ವಲ್ಪ ಚೇತರಿಸಿಕೊಂಡಿದ್ದರು. ಎರಡನೆಯದು ಅಷ್ಟೇನೂ ಕೆಟ್ಟದಾಗಿರದೆ, ಮೂರನೆಯದು ಕೆಟ್ಟದಾಗಿದ್ದವರು ಅವರಿಗಿಂತ ಜಾಸ್ತಿ ಒದ್ದಾಡುತ್ತಿದ್ದರು. ಅಂದರೆ ಶಾಂತಿಕಾಲದಲ್ಲಿ ನಾವು ಮಗುವನ್ನು ಹೇಗೆ ನಡೆಸಿಕೊಳ್ಳುತ್ತೇವೆ ಎಂಬುದು ಯುದ್ಧದ ಗಾಯ ಎಷ್ಟು ಆಳ ಹೋಗುತ್ತದೆ ಎಂಬುದನ್ನು ತೀರ್ಮಾನಿಸುತ್ತಿತ್ತು. ಯುದ್ಧ ಮುಗಿಯಿತು, ಇನ್ನೇನು ಎಂದು ಕೈತೊಳೆದುಕೊಳ್ಳುವವರಿಗೆ ಇದು ಕೇಳಲು ಹಿತವಾದ ಮಾತಾಗಿರಲಿಲ್ಲ.

ಆ ಮೂರನೆಯ ಹಂತದಲ್ಲಿ ಈ ಮಕ್ಕಳಿಗೆ ಸಿಕ್ಕಿದ್ದು ಹೆಚ್ಚಾಗಿ ಮೌನ. 'ನೀನು ಚಿಕ್ಕವನಿದ್ದೆ, ನಿನಗೇನು ನೆನಪಿರುತ್ತೆ?' 'ನೀನು ಶಿಬಿರಕ್ಕೆ ಹೋಗಲಿಲ್ಲ, ಅದೃಷ್ಟ ಮಾಡಿದ್ದೆ.' ಶಿಬಿರದಿಂದ ಬಂದ ಅಮ್ಮನ ಎದುರು ಮಗು ತನ್ನ ಸಂಕಟ ಹೇಳುವುದು ಹೇಗೆ? ಅವಳ ಕಷ್ಟಕ್ಕೆ ಹೋಲಿಸಿದರೆ ತನ್ನದು ಯಾವ ಲೆಕ್ಕ? ಸಾಕಿದವರನ್ನು ನೆನೆದು ಅತ್ತರೆ ಹೆತ್ತವಳಿಗೆ ನೋವು. ಬಾಯಿಮುಚ್ಚಿಕೊಂಡಿರುವುದು ಅವರಿಗೆ ಯುದ್ಧದಲ್ಲೇ ಚೆನ್ನಾಗಿ ಅಭ್ಯಾಸವಾಗಿತ್ತು. ಸುಮ್ನೆ ಮುಂದುವರಿಸಿದರು. ಓದಿದರು, ಕೆಲಸಕ್ಕೆ ಸೇರಿದರು, ಮದುವೆಯಾದರು.

1991ರ ಮೇ ತಿಂಗಳಲ್ಲಿ ನ್ಯೂಯಾರ್ಕಿನಲ್ಲಿ, ಎರಡನೆಯ ಮಹಾಯುದ್ಧದಲ್ಲಿ ಅಡಗಿದ್ದ ಮಕ್ಕಳ ಮೊದಲ ಅಂತರರಾಷ್ಟ್ರೀಯ ಸಮಾವೇಶ ನಡೆಯಿತು. ಸುಮಾರು 1,600 ಜನ ಬಂದರು. ಮರುವರ್ಷ ಆಮ್‌ಸ್ಟರ್‌ಡ್ಯಾಮಿನಲ್ಲಿ ಇಂಥದೇ ಸಭೆ ಸೇರಿತು. 2014ರಲ್ಲಿ, 1928 ಮತ್ತು ಆಮೇಲೆ ಹುಟ್ಟಿದ ಇಂಥವರಿಗೆ ತಲಾ 2,500 ಯೂರೋ ಕೊಡಲು ಜರ್ಮನಿ ಒಪ್ಪಿತು. ಹಣಕ್ಕಿಂತ, ಅಡಗಿದ್ದೂ ಒಂದು ಹಿಂಸೆಯೇ ಎಂದು ಸರ್ಕಾರದ ಕಾಗದದಲ್ಲಿ ಬಂದದ್ದು ಹಲವರಿಗೆ ದೊಡ್ಡದಾಗಿತ್ತು.

ನ್ಯೂಯಾರ್ಕಿನ ಆ ಸಭಾಂಗಣದಲ್ಲಿ ಕೂತವರಿಗೆ ಐವತ್ತು, ಅರವತ್ತು ವಯಸ್ಸು. ಕೂದಲು ನರೆತಿತ್ತು. ತಮ್ಮನ್ನು ಎಲ್ಲಿ ಬಚ್ಚಿಟ್ಟಿದ್ದರು, ಆಗ ಯಾವ ಹೆಸರಿನಿಂದ ಕರೆಯುತ್ತಿದ್ದರು ಎಂದು ಗಂಡ ಹೆಂಡತಿಯ ಹತ್ತಿರವೂ ಪೂರ್ತಿ ಹೇಳದೆ ಇದ್ದವರು ಅವರಲ್ಲಿ ಹಲವರಿದ್ದರು. ಅಲ್ಲಿ ಪಕ್ಕದಲ್ಲಿ ಕೂತ ಗುರುತಿಲ್ಲದವರಿಗೆ ಅದನ್ನು ಹೇಳಿದರು.